ಪೆಟ್ಟಿಗೆ ಭದ್ರ, ಪುಸ್ತಕ ಒದ್ದೆ

ಹಳೇ ಪುಸ್ತಕ, ಕಡತ, ಚಿತ್ರಗಳನ್ನು ಕಾಯುವ ಸಂಸ್ಥೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಜೋಪಾನವಾಗಿರುವುದು ಯಾವುದು ಗೊತ್ತೇ? ಹಸ್ತಪ್ರತಿ ಅನ್ನಬೇಡಿ. ಅದು ತುರ್ತು ಪೆಟ್ಟಿಗೆ. ಬೆಂಕಿಯೋ ನೆರೆಯೋ ಬಂದರೆ ಬೇಕಾಗುತ್ತದೆ ಅಂತ ತಂದಿಟ್ಟಿದ್ದು. ನೀರು ಹೀರುವ ಕಾಗದ, ಪ್ಲಾಸ್ಟಿಕ್ ಹಾಳೆ, ಸ್ಪಾಂಜು, ಕೈಗವಸು, ಟಾರ್ಚು, ಪೆನ್ಸಿಲ್ಲು ಎಲ್ಲವೂ ಅದರಲ್ಲಿವೆ. ಇವೆ ಅಂತ ರಿಜಿಸ್ಟರ್ ಹೇಳುತ್ತದೆ, ಕಣ್ಣಾರೆ ಕಂಡವರು ಕಡಿಮೆ.

ಇಟ್ಟಿರುವುದು ನೆಲಮಾಳಿಗೆಯಲ್ಲಿ. ನೀರು ಮೊದಲು ನುಗ್ಗುವ ಜಾಗವೇ ಅದು ಅಲ್ವಾ, ಪೆಟ್ಟಿಗೆಗೂ ಸ್ವಲ್ಪ ಅನುಭವ ಆಗಲಿ ಅಂತಿರಬೇಕು. ಬೀಗದಕೈ ಇರುವುದು ಒಬ್ಬರ ಹತ್ತಿರ, ಅವರು ರಜೆಯಲ್ಲಿದ್ದಾರೆ. ಇನ್ನೊಂದು ಕೀಲಿ ಇದೆ, ಚಿಂತೆ ಬೇಡ. ಕಳೆದುಹೋಗಬಾರದೆಂದು ಪೆಟ್ಟಿಗೆಯ ಒಳಗೇ ಇಟ್ಟಿದ್ದಾರೆ.

ನೆನೆದ ಕಾಗದಕ್ಕೆ ಬೂಸ್ಟು ಹಿಡಿಯಲು 48 ಗಂಟೆ ಸಾಕು. ಹೊಳಪು ಕಾಗದದ ಪುಸ್ತಕವಂತೂ ಹಾಗೇ ಒಣಗಲು ಬಿಟ್ಟರೆ ಪುಟಕ್ಕೆ ಪುಟ ಅಂಟಿ ಇಟ್ಟಿಗೆಯಾಗುತ್ತದೆ, ಅದಕ್ಕೇ ಬೇಗ ಒಣಗಿಸಲು ಆಗದಿದ್ದರೆ ಫ್ರೀಜರ್‌ಗೆ ಹಾಕಿ ಅಂತ ತಿಳಿದವರು ಹೇಳುತ್ತಾರೆ. ಆದರೆ ಅವಸರ ಇರುವುದು ಬೂಸ್ಟಿಗೆ, ಕಚೇರಿಗಲ್ಲ. ಪೆಟ್ಟಿಗೆ ತೆರೆಯಲು ಅರ್ಜಿ, ಅರ್ಜಿಗೆ ಎರಡು ಸಹಿ, ಸಹಿ ಯಾರು ಮೊದಲು ಹಾಕಬೇಕು ಅನ್ನುವುದಕ್ಕೆ ಒಂದು ಸಭೆ. ಆ ಸಭೆಗೆ ಸರಿಯಾದ ಹೊತ್ತಿಗೆ ಬರುವುದು ಬೂಸ್ಟು ಮಾತ್ರ.

ಅಂತೂ ತೆರೆದರು ಅನ್ನಿ. ಟಾರ್ಚಿನೊಳಗೆ ಬ್ಯಾಟರಿ ಸೋರಿ ತುಕ್ಕು ಹಿಡಿದಿದೆ. ಕೈಗವಸು ಮುಟ್ಟಿದರೆ ಹರಿಯುತ್ತದೆ. ಗೋಡೆಗೆ ಬಣ್ಣ ಹೊಡೆಯುವಾಗ ‘ಸುಮ್ನೆ ಒಂದು ದಿನಕ್ಕೆ’ ಅಂತ ಹೋದ ಪ್ಲಾಸ್ಟಿಕ್ ಹಾಳೆ ಇನ್ನೂ ವಾಪಸ್ ಬಂದಿಲ್ಲ. ಪೆನ್ಸಿಲ್ ಜಾಗದಲ್ಲಿ ಶಾಯಿ ಪೆನ್ನಿದೆ, ಒದ್ದೆ ಪುಸ್ತಕಕ್ಕೆ ಕಟ್ಟುವ ಚೀಟಿಯ ಮೇಲೆ ಬರೆದರೆ ಅಕ್ಷರವೂ ನೀರು ಪಾಲು.

ಆಗಾಗ ಬಿಚ್ಚಿ ನೋಡಿ, ಹಳೆಯದನ್ನು ಬದಲಿಸಿ ಅಂದರೆ ಲೆಕ್ಕಪರಿಶೋಧಕರು ಬಿಡಬೇಕಲ್ಲ. ಇಷ್ಟು ವರ್ಷ ಬಳಸದೇ ಇದ್ದ ಸಾಮಾನಿಗೆ ಹೊಸ ಖರ್ಚು ಯಾಕೆ ಎಂಬುದು ಅವರ ಆಕ್ಷೇಪ. ಅದಕ್ಕೆ ಉತ್ತರ ಕೊಡಲು ನೆರೆಯೇ ಬರಬೇಕು!

2018ರ ಸೆಪ್ಟೆಂಬರ್ 2ರ ರಾತ್ರಿ ರಿಯೊ ಡಿ ಜನೈರೊದಲ್ಲಿ ಬ್ರೆಜಿಲ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಹೊತ್ತಿ ಉರಿಯಿತು. ಸುಮಾರು 2 ಕೋಟಿ ವಸ್ತುಗಳ ಸಂಗ್ರಹ ಅದು. ಬೆಂಕಿ ಆರಿಸಲೆಂದೇ ಹತ್ತಿರದಲ್ಲಿ ನಿಲ್ಲಿಸಿದ್ದ ನೀರಿನ ಕೊಳಾಯಿ, ಅಂದರೆ ಹೈಡ್ರಂಟ್‌ಗಳಲ್ಲಿ ನೀರೇ ಇರಲಿಲ್ಲ ಎಂದು ಅಗ್ನಿಶಾಮಕ ಅಧಿಕಾರಿಗಳೇ ಹೇಳಿದರು. ಹೈಡ್ರಂಟ್ ಮಾತ್ರ ನಿಂತ ಜಾಗದಲ್ಲೇ ನಿಂತಿತ್ತು.

ಇಂಥ ಸುದ್ದಿ ಬಂದಾಗಲೆಲ್ಲ ಎಲ್ಲ ಕಡೆ ತಪಾಸಣೆಗೆ ಸಮಿತಿ ಹೊರಡುತ್ತದೆ. ತೆರೆದರೆ ಒಳಗೆ ಧೂಳು ಹೋಗಿ ಸಾಮಾನು ಹಾಳಾದೀತು ಎಂದು ಪೆಟ್ಟಿಗೆಯನ್ನು ಹೊರಗಿನಿಂದಲೇ ಒಮ್ಮೆ ತಟ್ಟಿ ನೋಡಿ, ‘ಸ್ಥಿತಿ ತೃಪ್ತಿಕರ’ ಎಂದು ಬರೆದು, ಊಟಕ್ಕೆ ಎದ್ದು ಹೋಗುತ್ತದೆ.