ಅತಿ ಗೌಪ್ಯ, ಎಲ್ಲರ ಗಮನಕ್ಕೆ

ಮೈಸೂರಿನ ಬಡಾವಣೆ ಸಂಘಗಳು ಈಗ ನೋಟೀಸನ್ನು ಪಾರ್ಕಿನ ಗೇಟಿಗೆ ಅಂಟಿಸುವುದಿಲ್ಲ, ಇಮೇಲ್ ಮಾಡುತ್ತವೆ. ವಿಷಯ: 'ಅತಿ ಗೌಪ್ಯ. ಶುಲ್ಕ ಬಾಕಿದಾರರಿಗೆ.' 'ಟು' ಖಾನೆಯಲ್ಲಿ ಇನ್ನೂರು ಬಾಕಿದಾರರ ವಿಳಾಸ, ಜಂಬೂ ಸವಾರಿ ನೋಡಲು ನಿಂತವರ ಹಾಗೆ ಸಾಲಾಗಿ. ಗೇಟಿನ ನೋಟೀಸಾದರೆ ಮಳೆಗೆ ಹರಿದಾದರೂ ಹೋಗುತ್ತಿತ್ತು.

ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ ಕಳಿಸಲು ಬಿಸಿಸಿ ಖಾನೆ ಒಂದಿದೆಯಲ್ಲ ಎಂದರೆ, ಅದು ಕಳ್ಳರ ಬಾಗಿಲು ಎಂಬ ಅನುಮಾನ. ಪಾಪ, ಅದರಲ್ಲಿ ಮಾಯೆ ಏನಿಲ್ಲ. ಇಮೇಲಿಗೂ ಲಕೋಟೆ ಬೇರೆ, ಕಾಗದ ಬೇರೆ. ಸರ್ವರುಗಳು 'ಆರ್‌ಸಿಪಿಟಿ ಟು' ಎಂದು ಒಬ್ಬೊಬ್ಬರ ವಿಳಾಸ ಹೇಳಿಕೊಳ್ಳುವುದು ಲಕೋಟೆ. ಬಟವಾಡೆ ಆಗುವುದು ಅದನ್ನು ನೋಡಿ. ನಮಗೆ ಕಾಣುವ ಟು, ಸಿಸಿ ಕಾಗದದ ತಲೆಬರಹ ಮಾತ್ರ. ಬಿಸಿಸಿಯವರ ಹೆಸರು ಲಕೋಟೆಯಲ್ಲಿರುತ್ತದೆ, ಕಾಗದದಲ್ಲಿರುವುದಿಲ್ಲ. 'ಟು'ಗೆ ಸಂಘದ್ದೇ ವಿಳಾಸ, ಉಳಿದವರೆಲ್ಲ ಬಿಸಿಸಿಗೆ: ಕೆಲಸ ಇಷ್ಟೆ.

ಹಾಗಂತ ಬಿಸಿಸಿಯನ್ನು ಚಾಡಿಗೆ ಬಳಸುವ ಜಾಣರೂ ಇದ್ದಾರೆ. ಮಂಡ್ಯದ ಗುಮಾಸ್ತ ಮೇಲಧಿಕಾರಿಗೆ ವಿನಯದ ಪತ್ರ ಬರೆದು, ಭಾವಮೈದುನನನ್ನು ಬಿಸಿಸಿಯಲ್ಲಿ ಕೂರಿಸುತ್ತಾನೆ. ಭಾವಮೈದುನ ಹುರುಪಿನಲ್ಲಿ 'ರಿಪ್ಲೈ ಆಲ್' ಒತ್ತಿ 'ಚೆನ್ನಾಗ್ ಜಾಡಿಸಿದ್ದೀರಿ ಭಾವ' ಎನ್ನುತ್ತಾನೆ. ಉತ್ತರ ನೇರ ಸಾಹೇಬರ ಮೇಜಿಗೆ. ಕಬ್ಬಿನ ಗದ್ದೆಯಲ್ಲಿ ಅಡಗಿದವನು ಕೆಮ್ಮಿದ ಹಾಗೆ.

ಇತ್ತ ಬಡಾವಣೆಯಲ್ಲಿ 'ನನ್ನ ಹೆಸರು ತೆಗೆಯಿರಿ' ಎಂದು ಹನ್ನೆರಡು ಜನ ಎಲ್ಲರಿಗೂ ಉತ್ತರಿಸಿದರೆ ಸುಮಾರು 2,400 ಪ್ರತಿ. 'ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ' ಎಂದು ಎಲ್ಲರಿಗೂ ಉತ್ತರಿಸುವ ನಿವೃತ್ತ ಮೇಷ್ಟ್ರದ್ದು ಇನ್ನೂ 200. ಕಾರ್ಯದರ್ಶಿ 'ವಾಪಸ್ ತಗೋತೀನಿ' ಎಂದು ಹೊರಡುತ್ತಾರೆ. ಜಿಮೇಲಿನ 'ಅನ್‌ಡು' ಹೆಚ್ಚೆಂದರೆ 30 ಸೆಕೆಂಡು, ಅದೂ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಹೆಚ್ಚಿಸಿದ್ದರೆ. ಕಾಫಿ ಕುಡಿದು ಬಂದವರಿಗೆ ಅದು ಸಿಗುವುದಿಲ್ಲ.

ಸಂಘದವರು ಕುಗ್ಗಬೇಕಿಲ್ಲ. 2021ರಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆಯೇ ತಾಲಿಬಾನಿಗೆ ಹೆದರಿ ಕೂತಿದ್ದ ಆಫ್ಘನ್ನರ ವಿಳಾಸಗಳನ್ನು ಹೀಗೆ 'ಟು'ಗೆ ಸುರಿದು, 2023ರಲ್ಲಿ 3,50,000 ಪೌಂಡ್ ದಂಡ ಹಾಕಿಸಿಕೊಂಡಿತು.

ಕೊನೆಗೆ ಕಾರ್ಯದರ್ಶಿ ಬಿಸಿಸಿ ಕಲಿತರು. ಕ್ಷಮಾಪಣೆಯ ಇಮೇಲಿನಲ್ಲಿ ಇನ್ನೂರೂ ಜನ ಬಿಸಿಸಿಯಲ್ಲೇ, ಒಬ್ಬರಿಗೊಬ್ಬರು ಕಾಣದಂತೆ. ಯಾವ ತಪ್ಪಿಗೆ ಕ್ಷಮೆ ಎಂದು ತಿಳಿಯಲೆಂದು ಕೆಳಗೆ ಹಳೆಯ ಇಮೇಲನ್ನು ಫಾರ್ವರ್ಡ್ ಮಾಡಿದ್ದರು, 'ಟು' ಸಾಲಿನ ಸಮೇತ.