ನೆಲಮಾಳಿಗೆಯ ತೋಟಗಾರ

ಮಲೆನಾಡಿನ ಸಾಗರದ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದ ಒಂದೇ ಕಾರಣಕ್ಕೆ ಗಿಡ ಬೆಳೆಸುವ ವಿದ್ಯೆ ನನಗೆ ತಾನಾಗಿ ಒಲಿದಿದೆಯೆಂದು ಬಹುಕಾಲ ನಂಬಿದ್ದೆ. ಆ ತೋಟದಲ್ಲಿ ನಾನು ಮಾಡಿದ ಕೆಲಸವೆಂದರೆ ಊಟಕ್ಕೆ ಬಾಳೆಯೆಲೆ ಕೊಯ್ದು ತಂದದ್ದು ಮತ್ತು ಹಾಗೆ ತರುವಾಗ ಬಸಿಗಾಲುವೆಗೆ ಜಾರಿ ಬಿದ್ದದ್ದು, ಇವೆರಡೇ. ಆದರೆ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮನೆ ಕೊಂಡು, ಅದರ ಹಿಂದೆ ಹತ್ತಡಿ ಅಗಲದ ನೆಲ ಸಿಕ್ಕ ಕೂಡಲೇ ಬಸಿಗಾಲುವೆ ಮರೆತುಹೋಗಿ ವಂಶದ ಹೆಮ್ಮೆಯೊಂದೇ ಉಳಿಯಿತು.

ಪಂಚಾಂಗದ ಪ್ರಕಾರ ಯುಗಾದಿಗೆ ವಸಂತ ಬರುತ್ತದೆ. ಇಲ್ಲಿ ಯುಗಾದಿಯ ದಿನ ಬೇವಿಲ್ಲದೆ ಬರೀ ಬೆಲ್ಲ ತಿಂದು, ಹೊಸ ಅಂಗಿಯ ಮೇಲೆ ಹಳೆಯ ಕೋಟು ತೊಟ್ಟು, ಬಾಗಿಲ ಮುಂದಿನ ಹಿಮ ಗೋರಿದ್ದೂ ಉಂಟು. ಮೇ ತಿಂಗಳ ಮೊದಲೆರಡು ವಾರಗಳಲ್ಲೂ ರಾತ್ರಿ ಹೊತ್ತು ನೀರು ಹೆಪ್ಪುಗಟ್ಟುವ ಭಯವಿರುವುದರಿಂದ ಮೆಣಸು, ಬದನೆ, ಟೊಮೆಟೊಗಳನ್ನು ಮೇ ಕೊನೆಗೆ ಹೊರಗೆ ನೆಡುವುದೇ ಕ್ಷೇಮ. ಬೀಜವನ್ನೂ ಆಗಲೇ ಬಿತ್ತೋಣವೆಂದರೆ ಕಾಯಿ ಕೆಂಪಾಗುವಷ್ಟರಲ್ಲಿ ಮತ್ತೆ ಚಳಿ ಬಂದಿರುತ್ತದೆ. ಹಾಗಾಗಿ ಮೆಣಸು, ಬದನೆಗಳನ್ನು 8-10 ವಾರ ಮೊದಲು, ಟೊಮೆಟೊವನ್ನು 6-8 ವಾರ ಮೊದಲು ಮನೆಯೊಳಗೇ ಬಿತ್ತಿ ಸಸಿ ಮಾಡಿಕೊಳ್ಳಬೇಕು.

ಮೆಣಸಿಗೆ ನಾನು ಬೀಜದ ಪೊಟ್ಟಣ ಕೊಳ್ಳಲಿಲ್ಲ. ಸಾರಿನ ಪುಡಿಗೆಂದು ಊರಿನಿಂದ ತಂದಿದ್ದ ಬ್ಯಾಡಗಿ ಮೆಣಸಿನಕಾಯಿಯನ್ನೇ ಮುರಿದು ನಲವತ್ತು ಬೀಜ ಬಿತ್ತಿದೆ. ಎರಡು ವಾರ ಕಳೆದರೂ ಮಣ್ಣು ಅಲ್ಲಾಡಲಿಲ್ಲ. ಮೆಣಸಿನ ಬೀಜ ಚೆನ್ನಾಗಿ ಮೊಳೆಯಬೇಕಾದರೆ ಮಣ್ಣು 27 ಡಿಗ್ರಿಯ ಆಸುಪಾಸು ಬೆಚ್ಚಗಿರಬೇಕೆಂದು ತಿಳಿದ ಮೇಲೆ, ಟ್ರೇಯ ಕೆಳಗೆ ಹಾಸುವ ವಿದ್ಯುತ್ ಚಾಪೆಯೊಂದನ್ನು ತರಿಸಿದೆ. ಚಳಿಗಾಲವಿಡೀ ಖರ್ಚಿನ ಭಯದಿಂದ ಮನೆಯನ್ನು 20 ಡಿಗ್ರಿಗಿಂತ ಮೇಲೇರಲು ಬಿಡದ ನನ್ನನ್ನು ನನ್ನಾಕೆ ಶಾಲು ಹೊದ್ದುಕೊಂಡೇ ನೋಡಿ, “ಅಲ್ರೀ, ಮುಂದಿನ ಜನ್ಮದಲ್ಲಿ ಈ ಮನೆಯ ಮೆಣಸಿನ ಬೀಜವಾಗಿ ಹುಟ್ಟುತ್ತೇನೆ” ಎಂದಳು. ನಲವತ್ತರಲ್ಲಿ ಏಳು ಮೊಳೆತವು.

ಟೊಮೆಟೊ, ಬದನೆಗಳು ಬೇಗ ಮೊಳೆತವು. ಬೇಗ ಮಲಗಿದವೂ ಅವೇ. ಸಂಜೆ ನೆಟ್ಟಗೆ ನಿಂತಿದ್ದ ಸಸಿಗಳು ಬೆಳಗಾಗುವಷ್ಟರಲ್ಲಿ ಬುಡದಲ್ಲಿ ನೂಲಿನಂತೆ ಸಣ್ಣಗಾಗಿ ಸಾಲಾಗಿ ಅಡ್ಡಬಿದ್ದಿದ್ದವು. ನೀರು ಹೆಚ್ಚಾಗಿ, ಗಾಳಿಯಾಡದೆ ಹೋದರೆ ಬರುವ ಈ ಬುಡಕೊಳೆಗೆ ಹಲವು ಬಾರಿ ಪಿಥಿಯಂ ಎಂಬ ಸೂಕ್ಷ್ಮಜೀವಿ ಕಾರಣವಂತೆ. ಅದರ ಬಂಧುಬಳಗ ಯಾವುದೆಂದು ಹುಡುಕಿದಾಗ ನನಗೆ ಮೈ ಜುಮ್ಮೆಂದಿತು: ನಮ್ಮ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತರಾದ ದಾಯಾದಿ ಅದು. ಮಳೆಗಾಲ ಬಂತೆಂದರೆ ಮೈಲುತುತ್ತ, ಸುಣ್ಣ ಕಲಸಿ ಔಷಧಿ ಹೊಡೆಸಲು, ಅಡಿಕೆ ಮರ ಹತ್ತುವ ಕೊನೆಗೌಡನ ಮನೆಗೆ ಅಲೆಯುತ್ತಿದ್ದ ಅಪ್ಪನ ಮಗನನ್ನು ಅದು ಸಮುದ್ರ ದಾಟಿ, ನೆಲಮಾಳಿಗೆಯವರೆಗೂ ಹುಡುಕಿಕೊಂಡು ಬಂದಿತ್ತು. ಇಲ್ಲಿ ಕೊನೆಗೌಡನಿಲ್ಲ, ಸಣ್ಣದೊಂದು ಫ್ಯಾನು ತಂದು ನೀರು ಕಡಿಮೆ ಮಾಡಿದೆ. ಸಸಿಗಳಿಗೆ ದಿನಕ್ಕೆ 14 ಗಂಟೆ ಬೆಳಕು ಬೇಕೆಂದು ದೀಪವೂ ಬಂತು. ಉಳಿದವು ಬದುಕಿದವು. ಆದರೆ ಹೆಸರು ಬರೆದು ಚುಚ್ಚಿದ್ದ ಐಸ್‌ಕ್ರೀಂ ಕಡ್ಡಿಗಳ ಶಾಯಿ ನೀರಿಗೆ ತೊಳೆದುಹೋದ್ದರಿಂದ, ಯಾವುದು ಮೆಣಸು, ಯಾವುದು ಬದನೆ ಎಂಬುದು ಬಹುಕಾಲ ಇತ್ಯರ್ಥವಾಗಲಿಲ್ಲ.

ಬೀಜದ ಕಥೆ ಹೀಗಾದ ಮೇಲೆ ಕಡ್ಡಿ ನೆಡುವುದೇ ನಮ್ಮ ಕಡೆಯವರಿಗೆ ಒಗ್ಗುವ ಮಾರ್ಗವೆಂದು ತೀರ್ಮಾನಿಸಿದೆ. ಊರಿನಲ್ಲಿ ಮಳೆ ಹಿಡಿದ ಮೇಲೆ ಬೇಲಿಗೆಂದು ಹುಗಿದ ಗೊಬ್ಬರದ ಗಿಡದ ಗೂಟವೂ ಯಾರನ್ನೂ ಕೇಳದೆ ಚಿಗುರುತ್ತದೆ. ಪಕ್ಕದ ಊರಾದ ಸೇಂಟ್ ಪಾಲ್‌ನಲ್ಲಿ, ಲಾವೋಸ್ ಕಡೆಯಿಂದ ಬಂದು ನೆಲೆಸಿದ ಹ್ಮಾಂಗ್ ಜನರ ಸಂತೆಯಿಂದ ತಂದ ಬಸಳೆಯ ದಂಟು ಲೋಟದ ನೀರಿನಲ್ಲಿ ವಾರದೊಳಗೆ ಬೇರು ಬಿಟ್ಟಾಗ ನನ್ನ ಆತ್ಮವಿಶ್ವಾಸ ಮರಳಿತು. ದೊಡ್ಡಪತ್ರೆಯೂ ಮಾನ ಉಳಿಸಿತು. ದಾಸವಾಳ ಮಾತ್ರ ಮೂರು ವಾರವಾದರೂ ಮಿಸುಕಲಿಲ್ಲ. ಕಿತ್ತು ನೋಡಿದರೆ ಕಡ್ಡಿಯ ಕಣ್ಣುಗಳೆಲ್ಲ ಪಾತಾಳದತ್ತ ಮುಖ ಮಾಡಿದ್ದವು. ಎಲೆಗಳನ್ನೆಲ್ಲ ಸವರಿ ತಂದಿದ್ದ ನಾನು ಅದನ್ನು ತಲೆಕೆಳಗಾಗಿ ನೆಟ್ಟಿದ್ದೆ. ಬೇರು ಹುಟ್ಟಿಸುವ ರಸ ಕಾಂಡದೊಳಗೆ ತುದಿಯಿಂದ ಬುಡದ ಕಡೆಗೇ ಹರಿಯುವುದರಿಂದ, ನಾವು ತಿರುಗಿಸಿ ನೆಟ್ಟೆವೆಂದು ಕಡ್ಡಿ ತನ್ನ ಬುಡ ಯಾವುದೆಂಬುದನ್ನು ಮರೆಯುವುದಿಲ್ಲ.

ಇಷ್ಟೆಲ್ಲದರ ನಡುವೆ ನನ್ನ ಪ್ರಾಣವಿದ್ದದ್ದು ಕರಿಬೇವಿನ ಮೇಲೆ. ಅಂಗಡಿಯಲ್ಲಿ ಅಂಗೈಯಗಲದ ಪೊಟ್ಟಣಕ್ಕೆ ತೆರುವ ಹಣವನ್ನು ರೂಪಾಯಿಗೆ ಲೆಕ್ಕ ಹಾಕುವ ಚಟ ನನಗಿನ್ನೂ ಬಿಟ್ಟಿಲ್ಲ. ಏಪ್ರಿಲ್ ಮೊದಲ ವಾರ ಅಂಥದೊಂದು ಪೊಟ್ಟಣದಿಂದ ದಷ್ಟಪುಷ್ಟವಾದ ಕಡ್ಡಿಯೊಂದನ್ನು ಆರಿಸಿ, ಬುಡಕ್ಕೆ ಜೇನುತುಪ್ಪ ಸವರಿ, ಕುಂಡದಲ್ಲಿ ಊರಿ, ತೇವ ಆರದಂತೆ ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿದೆ. ಅದು ಬಾಡಲಿಲ್ಲ. ಒಂದು ವಾರ, ಎರಡು ವಾರ, ಮೂರು ವಾರ ಹಸಿರಾಗಿಯೇ ನಿಂತಿತು. ಬೇರು ಬಿಟ್ಟಿರಬೇಕೆಂಬ ಧೈರ್ಯದ ಮೇಲೆ ನಾನು ಇಬ್ಬರು ಗೆಳೆಯರಿಗೆ ಮುಂದಿನ ವರ್ಷ ಒಂದೊಂದು ಮರಿ ಕೊಡುವುದಾಗಿ ಮಾತನ್ನೂ ಕೊಟ್ಟೆ.

ಏಪ್ರಿಲ್ ಕೊನೆಯ ಒಂದು ಶನಿವಾರ ಬಿಸಿಲು ಚೆನ್ನಾಗಿ ಬಂತು. ಒಳಗೆ ಬೆಳೆದ ಸಸಿಗಳನ್ನು ಮೊದಲ ದಿನ ಒಂದೆರಡು ಗಂಟೆ ನೆರಳಿನಲ್ಲಿಟ್ಟು, ವಾರ ಹತ್ತು ದಿನಗಳಲ್ಲಿ ಮೆಲ್ಲಗೆ ಬಿಸಿಲಿಗೆ ಒಗ್ಗಿಸಬೇಕೆಂಬ ನಿಯಮ ನನಗೆ ಗೊತ್ತಿತ್ತು. ಆದರೆ ಅಂಥ ಬಿಸಿಲು ಕಂಡು ಐದು ತಿಂಗಳಾಗಿತ್ತು, ಅದೂ ನನಗೆ. ಬೆಳಗ್ಗೆ ಹೊರಗಿಟ್ಟ ಸಸಿಗಳ ಎಲೆಗಳು ಸಂಜೆ ಒಳಗೆ ಬರುವಾಗ ಹಪ್ಪಳದಂತೆ ಬೆಳ್ಳಗಾಗಿದ್ದವು.

ಆ ರಾತ್ರಿ ವಿಡಿಯೊ ಕರೆಯಲ್ಲಿ ಅಮ್ಮನಿಗೆ ಸತ್ತವರನ್ನೂ ಗಾಯಾಳುಗಳನ್ನೂ ತೋರಿಸುತ್ತ ಹೋಗುವಾಗ ಮೊಬೈಲು ಕಿಟಕಿಯ ಬಳಿಯ ಕುಂಡದ ಮೇಲೆ ಹಾಯಿತು.

“ಅದೇನೋ ಅದು, ಚೀಲದ ಒಳಗೆ?”

“ಕರಿಬೇವಿನ ಗಿಡ ಅಮ್ಮ. ಕಡ್ಡಿಯಿಂದ ಮಾಡಿದ್ದು.”

ಅಮ್ಮ ಕನ್ನಡಕ ಏರಿಸಿಕೊಂಡು ಪರದೆಗೆ ಮೂಗು ತಾಗಿಸಿದರು. “ಕಡ್ಡಿ ಎಲ್ಲಿದೆಯೋ ಮಾರಾಯ? ಅದು ಎಲೆ ಅಲ್ವಾ?”

ಅವರು ಹೇಳಿದ್ದು ಅಕ್ಷರಶಃ ನಿಜ. ನಾವು ಒಂದು ಎಸಳು ಎಂದು ಕರೆಯುವ ಆ ಉದ್ದನೆಯ ಕಡ್ಡಿ, ಅದರ ಎರಡೂ ಬದಿಯ ಹತ್ತಿಪ್ಪತ್ತು ಎಲೆ, ಇವೆಲ್ಲ ಸೇರಿಯೇ ಒಂದು ಎಲೆ. ಗಿಡವಾಗಬಲ್ಲ ಮೊಗ್ಗು ಇರುವುದು ಎಲೆ ಮತ್ತು ಕಾಂಡ ಸೇರುವ ಸಂದಿಯಲ್ಲಿ; ಎಸಳನ್ನು ಮುರಿದಾಗ ಅದು ಮರದಲ್ಲೇ ಉಳಿದುಬಿಡುತ್ತದೆ. ಮೂರು ವಾರ ನಾನು ಜೇನುತುಪ್ಪ ಹಚ್ಚಿ, ಚೀಲ ಹೊದಿಸಿ ಸಾಕಿದ್ದು ಒಂದು ಎಲೆಯನ್ನು. “ಹಿತ್ತಿಲಲ್ಲಿ ಬೇರಿನಿಂದ ಎದ್ದ ಮರಿಗಳು ಕಾಲಿಗೆ ತೊಡರ್ತವೆ, ಕಿತ್ತು ಕಿತ್ತು ಸಾಕಾಯ್ತು” ಎಂದು ಅಮ್ಮ ನಿಟ್ಟುಸಿರು ಬಿಟ್ಟರು.

ಕರೆ ಮುಗಿದ ಮೇಲೆ ನಾನು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತಿದ್ದೆ. ನನ್ನಾಕೆ ಬಂದು ಚೀಲ ತೆಗೆದು, ಎಸಳನ್ನು ಕುಂಡದಿಂದ ಎತ್ತಿ, ಜೇನಂಟಿದ ಬುಡವನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ನಲ್ಲಿಯ ಕೆಳಗೆ ತೊಳೆದಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಸಾಸಿವೆ ಸಿಡಿಯಿತು, ಆ ವರ್ಷದ ನನ್ನ ಮೊದಲ ಫಸಲು ಒಗ್ಗರಣೆಗೆ ಬಿತ್ತು.