ಚಾಡಿಕೋರ ಗಾಜಿನೆಳೆ

ಸೇತುವೆ ಎಷ್ಟು ಹಿಗ್ಗಿತೆಂದು ಬೆಳಕಿನಿಂದ ಅಳೆಯುವ ಆಪ್ಟಿಕಲ್ ಫೈಬರ್ ಸೆನ್ಸರನ್ನು ಸೇತುವೆಗಳಿಗೆ ಹಾಕಿಸಿ ಎಂದು ತಜ್ಞರು ಹೇಳುತ್ತಲೇ ಇದ್ದಾರೆ. ದಯವಿಟ್ಟು ಬೇಡ. ಅದು ಆಡಳಿತಕ್ಕೆ ಒಗ್ಗುವ ವಸ್ತುವಲ್ಲ.

ಕೂದಲಿನಷ್ಟು ತೆಳ್ಳಗಿನ ಗಾಜಿನೆಳೆ. ಅದರೊಳಗೆ ಬ್ರ್ಯಾಗ್ ಗ್ರೇಟಿಂಗ್ ಎಂಬ ಸೂಕ್ಷ್ಮ ಗೆರೆಗಳು. ಬೆಳಕು ಬಿಟ್ಟರೆ ಒಂದೇ ಒಂದು ತರಂಗಾಂತರವನ್ನು ವಾಪಸ್ ಕಳಿಸುತ್ತವೆ. ಎಳೆ ಅಂಟಿಸಿದ ಸೇತುವೆಯ ತೊಲೆ ಹಿಗ್ಗಿದರೆ ಗೆರೆಗಳ ಅಂತರವೂ ಹಿಗ್ಗಿ ಆ ತರಂಗಾಂತರ ಸರಿಯುತ್ತದೆ. ಮೀಟರಿಗೆ ಒಂದು ಮೈಕ್ರೋಮೀಟರ್ ಹಿಗ್ಗಿದರೂ ಸಾಕು, 1550 ನ್ಯಾನೋಮೀಟರ್ ತರಂಗಾಂತರದ ಬೆಳಕು ಸುಮಾರು 1.2 ಪಿಕೋಮೀಟರ್ (ಪಿಕೋ ಎಂದರೆ ನ್ಯಾನೋದ ಸಾವಿರದಲ್ಲೊಂದು ಪಾಲು) ಸರಿದು ಚಾಡಿ ಹೇಳುತ್ತದೆ. ಬಿರುಕಿನೊಳಗೆ ಕೈ ತೂರಿದರೂ ‘ಮೇಲ್ನೋಟಕ್ಕೆ ಸುಸ್ಥಿತಿಯಲ್ಲಿದೆ’ ಎಂದು ಷರಾ ಬರೆಯುವವರಿಗೆ ಇಷ್ಟು ಸೂಕ್ಷ್ಮವೇಕೆ?

2022ರಲ್ಲಿ ಬಿಹಾರದ ಸುಲ್ತಾನ್‌ಗಂಜ್‌ನಲ್ಲಿ ಗಂಗೆಯ ಮೇಲೆ ಕಟ್ಟುತ್ತಿದ್ದ ಸೇತುವೆಯ ಒಂದು ಭಾಗ ಬಿತ್ತು. ಕಾರಣ ಕೇಳಿದರೆ ಅಧಿಕಾರಿಯೊಬ್ಬರು ಜೋರು ಗಾಳಿ ಎಂದರಂತೆ. ಕೇಂದ್ರ ಸಚಿವ ನಿತಿನ್ ಗಡ್ಕರಿಯವರೇ ಇದನ್ನು ಹೇಳಿ ಅಚ್ಚರಿಪಟ್ಟಿದ್ದರು. ಅದೇ ಸೇತುವೆ 2023ರಲ್ಲಿ ಮತ್ತೆ ಬಿತ್ತು, 2024ರಲ್ಲಿ ಇನ್ನೊಮ್ಮೆ. ಗಾಳಿಯ ಮೇಲೆ ಎಫ್‌ಐಆರ್ ಹಾಕಲು ಬರುವುದಿಲ್ಲ ನೋಡಿ.

ಬಿಸಿಲಿನ ಮೇಲೆ ಹಾಕೋಣವೆಂದರೆ ಅದಕ್ಕೂ ಕಲ್ಲು. ಒಂದು ಡಿಗ್ರಿ ಬಿಸಿ ಏರಿದರೂ ಈ ಬೆಳಕು ಸುಮಾರು 10 ಪಿಕೋಮೀಟರ್ ಸರಿಯುವುದು ನಿಜ. ಆದರೆ ಪಕ್ಕದಲ್ಲೇ ಭಾರ ತಾಗದಂತೆ ಇನ್ನೊಂದು ಎಳೆ ಇಟ್ಟು ಬಿಸಿಲಿನ ಪಾಲನ್ನು ಕಳೆದುಬಿಡುತ್ತಾರೆ, ಕಿಡಿಗೇಡಿಗಳು! ಗಾಜಿಗೆ ತುಕ್ಕಿಲ್ಲ. ಎಳೆಯಲ್ಲಿ ಕರೆಂಟೇ ಹರಿಯದ ಮೇಲೆ ಶಾರ್ಟ್ ಸರ್ಕ್ಯೂಟ್ ಎನ್ನುವಂತೆಯೂ ಇಲ್ಲ.

ಎಲ್ಲಕ್ಕಿಂತ ಅಪಾಯಕಾರಿ ಗುಣವೆಂದರೆ ಅದು ತಾರೀಖು, ಗಂಟೆ ಸಮೇತ ದಾಖಲಿಸುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಲಾರಿ ಸಮೇತ ಕುಸಿಯಿತು. ಪುಣ್ಯಕ್ಕೆ ಚಾಲಕ ಬದುಕಿದರು. ಪಕ್ಕದ ಹೊಸ ಸೇತುವೆ ಗಟ್ಟಿಯೇ ಎಂಬ ವಿಚಾರಣೆ ಶುರುವಾದದ್ದು ಆಮೇಲೆ. ಎಳೆ ಅಂಟಿಸಿದ್ದರೆ ವಿಚಾರಣೆ ಮೊದಲೇ ಆಗಬೇಕಿತ್ತು. ‘ಅನಿರೀಕ್ಷಿತ’ ಎಂಬ ಪದವನ್ನೇ ಕಳೆದುಕೊಂಡರೆ ಪತ್ರಿಕಾ ಹೇಳಿಕೆ ಬರೆಯುವುದು ಹೇಗೆ?

ಒಂದು ಸಮಾಧಾನವಿದೆ. ಬೆಳಕು ಬಿಟ್ಟು ಓದುವ ಪೆಟ್ಟಿಗೆಗೆ ಕರೆಂಟ್ ಬೇಕೇ ಬೇಕು. ಆ ಬಿಲ್ಲನ್ನು ಲೋಕೋಪಯೋಗಿ ಇಲಾಖೆ ಕಟ್ಟಬೇಕೋ, ಹೆದ್ದಾರಿ ಪ್ರಾಧಿಕಾರವೋ, ಗುತ್ತಿಗೆದಾರನೋ? ಯಾವ ಲೆಕ್ಕ ಶೀರ್ಷಿಕೆಯಲ್ಲಿ? ಇಷ್ಟನ್ನು ಕಡತಕ್ಕೆ ಹಾಕಿ ಸ್ಪಷ್ಟನೆ ಕೇಳಿಬಿಟ್ಟರೆ ಸಾಕು, ಸೆನ್ಸರ್ ಹಾಕಿದರೂ ಭಯವಿಲ್ಲ.